ಕತ್ರಿ ಹಾಕೂಕಿಂತ ಮೊದ್ಲ ಗಿಡ ನೋಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಪುಣೆದಾಗ ಇರೋ ನಮ್ಮ ವಿಜಾಪುರ ಕಡೆ ಮಂದಿಗೆ ಚಾಟ್ಣಿ (ಗಿಡದ ಕೊಂಬಿ ಸವರೂದು) ಅಂದ್ರ ಏನಂತ ಹೇಳೂದು ಬ್ಯಾಡ, ಊರಾಗ ದ್ರಾಕ್ಷಿ ಇದ್ದವ್ರು ಏಪ್ರಿಲ್ ಚಾಟ್ಣಿ, ಅಕ್ಟೋಬರ್ ಚಾಟ್ಣಿ ಎರಡೂ ನೋಡೇ ಬೆಳದಿರ್ತೀರಿ. ಆದ್ರ ಎರಡ ಸಲ ಯಾಕ ಅಂತ ಕೇಳಿದ್ರ ಭಾಳ ಮಂದಿ ತಲಿ ಕೆರಕೋತಾರ. ಏಪ್ರಿಲ್‌ದಾಗ ಒಂದೆರಡ ಕಣ್ಣು (ಚಿಗುರು ಒಡಿಯೂ ಗಂಟು) ಬಿಟ್ಟು ಕಡದ್ರ ಹೊಸ ಕಡ್ಡಿ ಬರ್ತಾವ, ಬ್ಯಾಸಗಿ ಬಿಸಲಿಗೆ ಆ ಕಡ್ಡಿ ಕಣ್ಣೊಳಗನ ಗೊನಿ ಸಣ್ಣಂಗ ಕಟ್ಟಿ ಕುಂತಿರ್ತದ, ಅಕ್ಟೋಬರ್‌ದಾಗ ಕತ್ರಿ ಹಾಕೂದು ಅದನ್ನ ಎಬ್ಬಸಾಕ ಅಷ್ಟ.

ಇದ ಲೆಕ್ಕ ಎಲ್ಲಾ ಗಿಡಕ್ಕೂ ನಡೀತದ ಅನ್ಕೊಂಡು ನಾ ಕೆಟ್ಟೆ. ಪುಣೆ ಬಾಜೂಕಿನ ಸಾಸವಡ ಹತ್ರ ನಮ್ಮ ಗೆಳ್ಯಾನ ಹೊಲ ಐತಿ, ದೀಪಾವಳಿ ರಜಾಕ್ಕ ಹೋದಾಂವ ಸುಮ್ನ ಕುಂಡ್ರಲಾರ್ದ ಅವನ ಮಾವಿನ ಗಿಡದ ತುದಿ ಎಲ್ಲಾ ಚಂದಂಗ ದುಂಡಗ ಸವರಿಬಿಟ್ಟೆ, ಫೋಟೋನೂ ತಗದ್ವಿ. ಜನವರಿದಾಗ ಪಕ್ಕದ ಗಿಡ ಹೂವಿನಿಂದ ತುಂಬಿತ್ತು, ನಮ್ದು ಬೋಳು! ಮಾವಿನ ಹೂ ಬರೂದ ಬಲತ ಕೊಂಬಿ ತುದಿಗೆ, ಅದನ್ನ ನಾ ಕಡದು ಒಲಿಗೆ ಹಾಕಿದ್ದೆ. ಮಾವಿಗೆ ಹಣ್ಣು ಇಳಿಸಿದ ಮ್ಯಾಲ ಕೈ ಹಚ್ರಿ, ಚಿಗುರು ಬಂದು ಬಲಿಯಾಕ ಟೈಮ್ ಸಿಗ್ತದ.

ಅದ ಹೊಲದಾಗ ಅಂಜೂರ ಅದಾವ, ಸಾಸವಡ ಇರೂ ಪುರಂದರ ತಾಲೂಕಿನ ಅಂಜೂರಕ್ಕ ಜಿಐ ಟ್ಯಾಗ್ (ಆ ಸೀಮಿ ಬೆಳಿ ಅಂತ ಸರ್ಕಾರದ ಗುರುತು) ಐತಿ ನೋಡ್ರಿ, ಆ ಗಿಡದ ಗುಣ ಪೂರಾ ಬ್ಯಾರೆ. ಹೊಸ ಚಿಗುರಿಗೇ ಕಾಯಿ, ಹಂಗಾಗಿ ಮಳಿ ಮುಗಿಯೂ ಹೊತ್ತಿಗೆ ಧೈರ್ಯದಿಂದ ಕಡೀತಾರ, ಬ್ಯಾಸಗಿಗೆ ಬರೂ ಆ ಬೆಳಿಗೆ ಮೀಠಾ ಬಹಾರ ಅಂತಾರ, ಅದರ ಹಣ್ಣ ರುಚಿ ಜಾಸ್ತಿ. ಕಡೀಬೇಕಾದ್ರ ಪೂರ್ತಿ ತೋಳಿನ ಅಂಗಿ ಹಾಕ್ಕೋರಿ, ಆ ಹಾಲು ಹತ್ತಿದ್ರ ರಾತ್ರಿ ಎಲ್ಲಾ ತುರಸ್ಕೋತ ಕುಂಡ್ರಬೇಕಾಗ್ತದ. ಸೀತಾಫಲಕ್ಕ ಛಳಿಗಾಲದಾಗ ಎಲಿ ಉದರಿದ ಮ್ಯಾಲ ಕತ್ರಿ ಹಾಕ್ರಿ.

ದಪ್ಪ ಕೊಂಬಿ ಕಡದ್ರ ಗಾಯಕ್ಕ ಬೋರ್ಡೋ ಪೇಸ್ಟ್ (ಬೂಸ್ಟು ರೋಗ ತಡಿಯೂ ಲೇಪ) ಹಚ್ರಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು, ಪ್ಲಾಸ್ಟಿಕ್ ಬಕೀಟ್‌ನಾಗ ಕಲಸ್ರಿ, ಕಬ್ಬಣದ ಬಕೀಟ್ ಆದ್ರ ಅದನ್ನ ತಿಂದು ಹಾಕ್ತದ.

ಇನ್ನ ಗ್ಯಾಲರಿಯಾಗ ಕುಂಡದಾಗ ಪೇರಲ ಹಚ್ಚಿದ ಅಕ್ಕಾರ, ನೀವೇನು ಅಂಜಬ್ಯಾಡ್ರಿ, ಅದೂ ಹೊಸ ಚಿಗುರಿನ ಗಿಡ. ತುದಿ ಚೂಟ್ರಿ, ಚಿಗುರು ಬಂದು ಮೂರ್ನಾಕ ಜೋಡಿ ಎಲಿ ಆದಮ್ಯಾಲ ಎಲಿ ಬಗಲಾಗ ಹಣಿಕಿ ಹಾಕಿ ನೋಡ್ರಿ, ಹಸರ ಮಣಿಯಂಥಾ ಮಗ್ಗಿ ಅಲ್ಲೇ ಇರ್ತದ.