ಬಾಳೆಹಣ್ಣಿನ ಬಿಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಪ್ರವಾಸಿ ತಂದ ದುಡ್ಡು ಆ ಊರಲ್ಲೇ ಉಳಿಯಬೇಕು. 'ರಜೆಯಲ್ಲಿ ನಮ್ಮೂರಿಗೆ ಎಷ್ಟೊಂದು ಜನ ಬಂದರು' ಅಂತ ಹಿಗ್ಗುತ್ತೇವೆ. ಬಂದರು, ಸರಿ. ಹೋಗುವಾಗ ಬಿಟ್ಟುಹೋದ ಕಸ ಎಷ್ಟು, ಕಾಸು ಎಷ್ಟು? ಅದನ್ನು ಲೆಕ್ಕ ಹಾಕಬೇಕು, ಅಲ್ವಾ?

ಹಂಪಿ ಕಡೆಯ ನನ್ನದೊಂದು ಅನುಭವ ಹೇಳುತ್ತೇನೆ. ಅಲ್ಲಿನ ಬಾಳೆ ತೋಟಗಳನ್ನು ನೀವು ನೋಡಿರುತ್ತೀರಿ. ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆಯಲ್ಲಿ ಈಗಲೂ ನೀರು ಹರಿಯುತ್ತದೆ. ಅಂಥ ನೆಲ ಅದು. ಅಲ್ಲೇ ಹತ್ತಿರದ ಒಂದು ರೆಸಾರ್ಟಿನಲ್ಲಿ ಉಳಿದಿದ್ದೆ. ಬೆಳಿಗ್ಗೆ ತಿಂಡಿಗೆ ಸೇಬು ಇಟ್ಟಿದ್ದರು, ಕಿವಿ ಹಣ್ಣು ಇಟ್ಟಿದ್ದರು. ಬಾಳೆಹಣ್ಣು ಇಲ್ವಾ ಅಂತ ಕೇಳಿದೆ. ಹುಡುಗ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಇವತ್ತು ಗಾಡಿ ಬಂದಿಲ್ಲ ಸರ್" ಅಂದ. ಯಾವ ಗಾಡಿ? ಬೆಂಗಳೂರಿನ ಗಾಡಿ! ಅಲ್ಲಿ ಕಿಟಕಿಯಾಚೆ, ಕಾಂಪೌಂಡಿನ ಪಕ್ಕದಲ್ಲೇ ಬಾಳೆಗೊನೆ ತೂಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಎದ್ದು ಆ ತೋಟಕ್ಕೇ ಹೋದೆ. ಒಬ್ಬ ಅಜ್ಜಿ ಒಣಗಿದ ಎಲೆ ಕೊಯ್ಯುತ್ತಿದ್ದರು. ಮೊದಲು ಒಂದು ಚಿಪ್ಪು ಹಣ್ಣು ತಂದು ಕೈಗಿಟ್ಟರು, ಆಮೇಲೆ ಮಾತು. "ನಾನೂ ಕೇಳೀನಪ್ಪಾ. ಬಿಲ್ ಕೊಡು ಅಂತಾರ. ದಿನಾ ಇಷ್ಟೇ ತೂಕ ಬೇಕಂತಾರ. ನಾ ಎಲ್ಲಿಂದ ತರ್ಲಿ ಬಿಲ್ಲು?" ಅಂದರು. ಅವರ ಗೊನೆಯೆಲ್ಲ ದಲ್ಲಾಳಿಯ ಲಾರಿ ಹತ್ತುತ್ತದೆ. ಮಗ ಅದೇ ರೆಸಾರ್ಟಿನಲ್ಲಿ ರಾತ್ರಿ ಕಾವಲಿಗಿದ್ದಾನೆ. ಹಣ್ಣಿನ ದುಡ್ಡು ಕೇಳಿದೆ. ತಗೊಳ್ಳಲೇ ಇಲ್ಲ.

ಆ ಬಿಲ್ಲಿನ ಮಾತಲ್ಲೇ ಇಡೀ ವಿಷಯ ಇದೆ. ಹೋಟೆಲಿಗೆ ದಿನವೂ ಸರಕು ಬೇಕು, ಲೆಕ್ಕಕ್ಕೆ ಕಾಗದ ಬೇಕು. ಒಬ್ಬ ಅಜ್ಜಿ ಅದನ್ನು ಕೊಡಲಾರರು. ಇಪ್ಪತ್ತು ಹೆಣ್ಣುಮಕ್ಕಳ ಸಂಘ ಕೊಡಬಲ್ಲದು.

ಇದೆಲ್ಲ ಆಗದ ಮಾತು ಅನ್ನುವವರು ಕೇರಳದ ಕುಮರಕಂ ನೋಡಿಕೊಂಡು ಬನ್ನಿ. 2008ರ ಹೊತ್ತಿಗೆ ಅಲ್ಲಿನ ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘಗಳ ಮಹಿಳೆಯರು ತರಕಾರಿ ಬೆಳೆದು ಹೋಟೆಲುಗಳಿಗೆ ಕೊಡಲು ಶುರು ಮಾಡಿದರು. ಪಾಳು ಬಿದ್ದ ಹೊಲದಲ್ಲೂ ಬೆಳೆದರು. ಪಂಚಾಯಿತಿ ಜೊತೆಗೆ ನಿಂತಿತು. ಬೆಲೆಯನ್ನು ಎಲ್ಲರೂ ಕೂತು ಮೊದಲೇ ಗೊತ್ತು ಮಾಡಿಕೊಂಡರು. ಮೊದಮೊದಲು ಸರಕು ಸರಿಯಾಗಿ ಒದಗಿಸುವುದೇ ಕಷ್ಟವಾಯಿತು. ಬಿಡಲಿಲ್ಲ. ದುಡ್ಡು ಊರಲ್ಲೇ ಉಳಿಯಿತು.

ನಮ್ಮಲ್ಲೂ ಆಗುತ್ತದೆ. ಹಂಪಿ ಹತ್ತಿರದ ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಚಾಪೆ ಮಾಡುತ್ತಾರೆ. ಗೊನೆ ಕಡಿದ ಮೇಲೆ ಸುಮ್ನೆ ಕೊಳೆತು ಹೋಗುತ್ತಿದ್ದ ದಿಂಡು ಅದು.

ಸಮಯ ಮುಗಿಯುತ್ತಾ ಬಂತು. ಇನ್ನೊಂದು ಮಾತು ಬೇಗ ಹೇಳಿಬಿಡುತ್ತೇನೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಹಳೆಯ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಕಲ್ಲುಮಂಟಪ ಉಳಿಯಬೇಕು, ನಾನೂ ಒಪ್ಪುತ್ತೇನೆ. ಆದರೆ ಬಂದವರಿಗೆ ಇಡ್ಲಿ, ಚಹಾ ಕೊಟ್ಟು ಬದುಕುತ್ತಿದ್ದ ಜನ ಅವರು. ಅವರಿಗೆ ಮುಂದಿನ ದಾರಿ ಮಾಡಿಕೊಟ್ಟು ಆಮೇಲೆ ಕೆಲಸ ಶುರು ಮಾಡಬೇಕು. ಯಾವ ಊರಲ್ಲಾದರೂ ಅಷ್ಟೇ.

ಪ್ರವಾಸ ಹೊರಟವರು ಹೋದಲ್ಲೆಲ್ಲ 'ಈ ಹಣ್ಣು ಎಲ್ಲಿಯದು?' ಅಂತ ಕೇಳಿ. ನಾಚಿಕೆ ಬೇಡ, ಕೇಳಿ. ಪಂಚಾಯಿತಿ ಸದಸ್ಯರಿದ್ದರೆ ಒಂದು ಕೆಲಸ ಮಾಡಿ. ನಿಮ್ಮೂರಿನ ಹೋಟೆಲು, ಹೋಂಸ್ಟೇಗಳು ತಿಂಗಳಿಗೆ ಎಷ್ಟು ಹಾಲು, ಎಷ್ಟು ತರಕಾರಿ, ಎಷ್ಟು ಹಣ್ಣು ಕೊಳ್ಳುತ್ತವೆ ಅಂತ ಕೇಳಿ ಬರೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಸಂಘದ ಹೆಣ್ಣುಮಕ್ಕಳ ಎದುರು ಓದಿ.

ನಮಸ್ಕಾರ.