ಕಾದ ಎಂಜಿನ್ ಮುಂದೆ ಕೊಡ ಹಿಡಿದು ನಿಲ್ಲುವ ಮುನ್ನ

ಕೇಳುಗರಿಗೆ ನಮಸ್ಕಾರ.

ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆಯಿತೆಂದರೆ ಮಿನಿ ಟ್ರ್ಯಾಕ್ಟರ್‌ಗೆ ಬಿಡುವಿಲ್ಲ. ಚಿಗುರು ಒಡೆದಲ್ಲಿಂದ ಕಾಯಿ ಕಟ್ಟುವವರೆಗೆ ಔಷಧ ಹೊಡೆಯುವ ಕೆಲಸ ನಡೆದೇ ಇರುತ್ತದೆ. ಮೋಡ ಕವಿದರಂತೂ ಒಂದು ದಿನವೂ ತಪ್ಪಿಸುವಂತಿಲ್ಲ. ಅಂಥ ಹೊತ್ತಿನಲ್ಲಿ ಸಾಲಿನ ನಡುವೆಯೇ ಬಾನೆಟ್ ಸಂದಿನಿಂದ ಹಬೆ ಎದ್ದು ಟ್ರ್ಯಾಕ್ಟರ್ ನಿಂತುಬಿಟ್ಟರೆ ರೈತನ ಸಂಕಟ ಏನೆಂದು ನನಗೆ ಗೊತ್ತು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ತೋಟಗಳಿಂದ ಕಾದ ಎಂಜಿನ್‌ಗಳ ಕರೆ ಬಂದಾಗಲೆಲ್ಲ ಹೋಗಿ ನೋಡಿದ್ದೇನೆ. ಹೋದ ಕಡೆಯೆಲ್ಲ ಒಂದೇ ನೋಟ. ಟ್ರ್ಯಾಕ್ಟರ್ ಮುಂದೆ ಒಬ್ಬರು ಕೊಡ ಹಿಡಿದು ನಿಂತಿರುತ್ತಾರೆ.

ನೀರಿನ ಮಾತು ಆಮೇಲೆ. ಉಷ್ಣತೆಯ ಮುಳ್ಳು ಕೆಂಪು ಗೆರೆಯ ಕಡೆಗೆ ಏರುವುದು ಕಣ್ಣಿಗೆ ಬಿದ್ದ ಕೂಡಲೇ ಹಿಂದಿನ ಯಂತ್ರವನ್ನು ತಿರುಗಿಸುವ ಪಿಟಿಒ ಬಿಡಿಸಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ನಿಧಾನ ವೇಗದಲ್ಲಿ ಮೂರು ನಾಲ್ಕು ನಿಮಿಷ ಎಂಜಿನ್ ಓಡಲಿ. ಭಾರ ಇಳಿದ ಮೇಲೆ ಪಂಪು, ಫ್ಯಾನು ತಿರುಗುತ್ತಿದ್ದರೆ ಒಳಗಿನ ಕಾವು ಹೊರಬರುತ್ತದೆ. ತಟ್ಟನೆ ಆರಿಸಿದರೆ ನೀರಿನ ಓಡಾಟ ನಿಂತು, ಎಂಜಿನ್‌ನ ಮೇಲ್ಭಾಗವಾದ ಹೆಡ್ ಸುತ್ತಲಿನ ನೀರು ಅಲ್ಲೇ ಕುದಿಯತೊಡಗುತ್ತದೆ. ಆದರೆ ಪೈಪ್ ಒಡೆದು ನೀರೆಲ್ಲ ಚೆಲ್ಲಿದ್ದರೆ, ಇಲ್ಲವೇ ಬೆಲ್ಟ್ ಹರಿದಿದ್ದರೆ, ಆ ಗಳಿಗೆಯಲ್ಲೇ ಆರಿಸಬೇಕು.

ಇಲ್ಲಿ ಒಂದು ಮೋಸ ಅಡಗಿದೆ. ನೀರು ಪೂರ್ತಿ ಖಾಲಿಯಾದಾಗ ಉಷ್ಣತೆ ಅಳೆಯುವ ಸೆನ್ಸರ್‌ಗೆ ನೀರು ತಾಗುವುದಿಲ್ಲ. ಕೆಂಪಿಗೆ ಏರಿದ್ದ ಮುಳ್ಳು ತಾನಾಗಿಯೇ ಕೆಳಗೆ ಇಳಿಯಬಹುದು. ತಣ್ಣಗಾಯಿತು ಎಂದು ನಂಬಿ ಇನ್ನೆರಡು ಸಾಲು ಓಡಿಸಿದವರ ಎಂಜಿನ್ ಬಿಚ್ಚಿದ್ದೇನೆ. ಪಿಸ್ಟನ್ ಲೈನರ್‌ಗೆ ಕಚ್ಚಿಕೊಂಡು, ಸುತ್ತಿಗೆ ಏಟಿಗೂ ಕದಲದೆ ಕುಳಿತಿತ್ತು. ಏರಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ಮೊದಲಿಗಿಂತ ಹೆಚ್ಚು ಹೆದರಬೇಕು.

ಇನ್ನು ರೇಡಿಯೇಟರ್ ಮುಚ್ಚಳ. ನನ್ನ ಬಲ ಮುಂಗೈ ಮೇಲೆ ಸುಟ್ಟ ಗುರುತು ಇಂದಿಗೂ ಇದೆ. ಒದ್ದೆ ಗೋಣಿಚೀಲ ಹೊದಿಸಿ ತಿರುಗಿಸಿದರೆ ಏನೂ ಆಗುವುದಿಲ್ಲ ಎಂದು ಹಿರಿಯರೊಬ್ಬರು ಹೇಳಿದ್ದನ್ನು ನಂಬಿದ್ದೆ. ಆ ಮುಚ್ಚಳದೊಳಗಿನ ಸ್ಪ್ರಿಂಗ್ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಮೇಲೆ ಒತ್ತಡದ ಅಳತೆ 0.9 ಎಂದು ಒತ್ತಿರುವ ಮುಚ್ಚಳದ ಅಡಿಯಲ್ಲಿ ಅದೇ ನೀರು 118 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಬಿಟ್ಟುಹೋಗಿ, ಆ ನೀರು ಒಮ್ಮೆಗೇ ಉಕ್ಕಿ ಮುಖದ ಮೇಲೆ ಚಿಮ್ಮುತ್ತದೆ. ದಯವಿಟ್ಟು ಅರ್ಧ ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿದು ಅಮುಕಲು ಬಂದರೆ ಆಗ ಮುಚ್ಚಳಕ್ಕೆ ಕೈ ಹಾಕಿ. ಅಷ್ಟಾಗಿಯೂ ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೂತ್‌ಪೇಸ್ಟ್ ಹಚ್ಚಬೇಡಿ.

ಮುಚ್ಚಳದ ರಬ್ಬರ್ ಹರಿದಾಗ ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವವರಿದ್ದಾರೆ. ಅದರಿಂದ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಹೊರಗೆ ಚೆಲ್ಲುತ್ತದೆ. ಅದೇ ನಂಬರಿನ ಹೊಸ ಮುಚ್ಚಳ ಹಾಕುವುದೊಂದೇ ದಾರಿ.

ಈಗ ಕಾವು ಏರುವುದು ಏಕೆ ಎಂಬ ಮಾತಿಗೆ ಬರುತ್ತೇನೆ. ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕೆಲಸವಾಗುತ್ತದೆ, ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದನ್ನು ಹೆಚ್ಚಾಗಿ ನೀರು ಹೊತ್ತುಕೊಂಡು ರೇಡಿಯೇಟರ್‌ಗೆ ತರಬೇಕು. ಅಲ್ಲಿ ಅದನ್ನು ಇಳಿಸಿಕೊಳ್ಳುವುದು ಗಾಳಿ. ಗಾಳಿಯ ದಾರಿ ಮುಚ್ಚಿದ್ದರೆ ಎಷ್ಟು ಕೊಡ ನೀರು ಸುರಿದರೂ ಅದು ಕಾಯುತ್ತಲೇ ಇರುತ್ತದೆ.

ತಿಕೋಟಾ ಹತ್ತಿರದ ಒಬ್ಬ ಬೆಳೆಗಾರರ ಟ್ರ್ಯಾಕ್ಟರ್ ನಲವತ್ತು ನಿಮಿಷ ಔಷಧ ಹೊಡೆಯುವಷ್ಟರಲ್ಲಿ ಕಾಯುತ್ತಿತ್ತು. ವಾಟರ್ ಪಂಪ್ ಬದಲಾಗಿತ್ತು, ಹೆಡ್ ಇಳಿಸಿ ಕೂರಿಸಿದ್ದೂ ಆಗಿತ್ತು. ಖರ್ಚಾದದ್ದು ಸಾವಿರಗಳಲ್ಲಿ. ನಾನು ಹೋದಾಗ ಕತ್ತಲಾಗಿತ್ತು. ರೇಡಿಯೇಟರ್ ಹೊರಗಿನಿಂದ ಒರೆಸಿದ ಹಾಗೆ ಸ್ವಚ್ಛವಾಗಿ ಕಾಣುತ್ತಿತ್ತು. ಅವರ ಮಗನಿಗೆ ಫ್ಯಾನ್ ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿಯಲು ಹೇಳಿ, ನಾನು ಮುಂದೆ ಕುಳಿತು ನೋಡಿದೆ. ಮೇಲಿನ ನಾಲ್ಕು ಬೆರಳಷ್ಟು ಜಾಗದಲ್ಲಿ ಬೆಳಕು ಜರಡಿಯಲ್ಲಿ ಸೋಸಿದಂತೆ ಬಂತು. ಅದರ ಕೆಳಗೆ ಪೂರ್ತಿ ಕತ್ತಲೆ. ಸೈಕಲ್ ಚಕ್ರದ ಹಳೆಯ ಕಡ್ಡಿಯೊಂದರಿಂದ ಮೆಲ್ಲಗೆ ಕೆದರಿದರೆ ರೇಡಿಯೇಟರ್‌ನ ತೆಳು ಲೋಹದ ರೆಕ್ಕೆಗಳ ನಡುವಿನಿಂದ ತಿಳಿನೀಲಿ ಹೆಂಟೆ ಉದುರಿತು. ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತ, ಅದರೊಳಗೆ ಎರೆ ಮಣ್ಣಿನ ಧೂಳು, ದ್ರಾಕ್ಷಿಯ ಒಣ ಎಲೆಯ ಪುಡಿ.

ಆದದ್ದು ಇಷ್ಟೇ. ಹಿಂದೆ ಔಷಧ ಹೊಡೆಯುವ ಬ್ಲೋವರ್ ಎಸೆದ ಮಂಜು ಹಂದರದ ಕೆಳಗೆ ತೂಗಾಡುತ್ತಿರುತ್ತದೆ. ಟ್ರ್ಯಾಕ್ಟರ್ ಸಾಲು ತಿರುಗಿ ಅದರೊಳಗೇ ನುಗ್ಗುವಾಗ ಫ್ಯಾನ್ ಆ ಮಂಜನ್ನು ರೇಡಿಯೇಟರ್‌ಗೆ ಎಳೆದುಕೊಳ್ಳುತ್ತದೆ. ಒದ್ದೆಯಾದ ರೆಕ್ಕೆಗೆ ಧೂಳು ಮೆತ್ತಿ, ಕಾವಿಗೆ ಸುಟ್ಟ ಮಣ್ಣಿನಂತೆ ಗಟ್ಟಿಯಾಗುತ್ತದೆ. ಮಿನಿ ಟ್ರ್ಯಾಕ್ಟರ್‌ನ ರೇಡಿಯೇಟರ್ ಚಿಕ್ಕದು, ರೆಕ್ಕೆಗಳು ಒತ್ತೊತ್ತಾಗಿರುತ್ತವೆ. ಸಾಲದ್ದಕ್ಕೆ ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಎಂಜಿನ್ ತಣ್ಣಗಾಗಿರಲಿ. ಮುಂದಿನ ಜಾಲರಿ ಕಳಚಿ ಬೇರೆಯಾಗಿ ತೊಳೆಯಿರಿ. ಸೋಪಿನ ಪುಡಿ ಕಲಸಿದ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಫ್ಯಾನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ ನೀರು ಬಿಡಿ. ಮುಂದಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಸಿಕ್ಕಿಕೊಳ್ಳುತ್ತದೆ. ಔಷಧದ ಪಂಪಿನ ಗನ್ ಹತ್ತಿರ ಹಿಡಿದು ಹೊಡೆಯಲೇಬೇಡಿ, ರೆಕ್ಕೆಗಳು ಕಾಗದದಂತೆ ಮಡಚಿಕೊಳ್ಳುತ್ತವೆ. ತೊಳೆದ ಮೇಲೆ ಮತ್ತೆ ಟಾರ್ಚ್ ಹಿಡಿದು ನೋಡಿ. ಆ ತೋಟದಲ್ಲಿ ಮೂರು ಸಲ ತೊಳೆದ ಮೇಲೆ ಕೆಳಗಿನವರೆಗೆ ಬೆಳಕು ಬಂತು. ಮರುದಿನ ಮುಳ್ಳು ನಡುಗೆರೆ ದಾಟಲಿಲ್ಲ.

ಗಾಳಿ ಸರಿಯಿದ್ದೂ ಕಾಯುತ್ತಿದ್ದರೆ ಆಗ ನೀರು ನೋಡಬೇಕು. ನಮ್ಮ ಬೋರ್‌ವೆಲ್ ನೀರಿನ ಗುಣ ತಿಳಿಯಬೇಕೆಂದರೆ ಬಚ್ಚಲಿನ ಹಂಡೆಯ ತಳ ನೋಡಿ. ಅಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟುತ್ತದೆ. ಹಂಡೆಗೆ ಪದರ ಬಂದರೆ ಸೌದೆ ಒಂದೆರಡು ಹೆಚ್ಚು ಬೇಕಾದೀತು. ಎಂಜಿನ್‌ನಲ್ಲಿ ಹಾಗಲ್ಲ. ಎರಕದ ಕಬ್ಬಿಣ ಈ ಸುಣ್ಣದ ಪದರಕ್ಕಿಂತ ಇಪ್ಪತ್ತು ಪಟ್ಟು ಸಲೀಸಾಗಿ ಕಾವು ದಾಟಿಸುತ್ತದೆ, ಹೀಗಾಗಿ ತೆಳ್ಳನೆಯ ಪದರವೂ ಕಾವನ್ನು ಸಿಲಿಂಡರ್ ಒಳಗೇ ತಡೆದಿಡುತ್ತದೆ. ಇದನ್ನು ತೆಗೆಯಲು ಬಚ್ಚಲು ತೊಳೆಯುವ ಆಸಿಡ್ ಸುರಿದವರನ್ನೂ ಕಂಡಿದ್ದೇನೆ. ಅದು ಸುಣ್ಣದ ಜೊತೆ ಅಲ್ಯೂಮಿನಿಯಂ ಅನ್ನೂ ಕರಗಿಸುತ್ತದೆ. ರೇಡಿಯೇಟರ್ ತೊಳೆಯಲೆಂದೇ ಮಾಡಿದ ದ್ರಾವಣ ಅಂಗಡಿಗಳಲ್ಲಿ ಸಿಗುತ್ತದೆ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಬರಿ ನೀರಿನ ಬದಲು ಹಾಕುವ ಕೂಲೆಂಟ್ ದ್ರಾವಣ ಏಕೆ ಎಂದು ಕೇಳುವವರು ಬಹಳ. ನಮಗೆ ಬೇಕಾದ ಗುಣಗಳು ಬೇರೆ: ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಮೇಲಕ್ಕೆ ಏರಿಸುತ್ತದೆ. ಡಬ್ಬಿಯ ಮೇಲೆ ಓದಿ ನೋಡಿ. ನೇರವಾಗಿ ಹಾಕುವುದಾದರೆ ಹಾಗೆಯೇ ಹಾಕಿ, ಗಟ್ಟಿ ದ್ರಾವಣವಾದರೆ ಸಮ ಪ್ರಮಾಣದ ಬ್ಯಾಟರಿ ನೀರು ಬೆರೆಸಿ. ಒಂದು ಎಚ್ಚರಿಕೆ: ಹಳೆಯ ಕೂಲೆಂಟ್ ಸಿಹಿಯಾಗಿರುತ್ತದೆ, ಅದು ವಿಷ. ನಾಯಿ, ಕರು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಅದನ್ನು ನೆಲಕ್ಕೆ ಬಿಡದೆ ಡಬ್ಬಿಗೆ ಇಳಿಸಿ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ.

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಕವಾಟವಾದ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಅದಿಲ್ಲದ ಎಂಜಿನ್ ಬೆಳಗಿನ ಹೊತ್ತು ತಣ್ಣಗೇ ಓಡಿ, ಡೀಸೆಲ್ ಸರಿಯಾಗಿ ಉರಿಯದೆ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬಿಸಿಯಾದಾಗ ಅಡ್ಡದಾರಿ ಮುಚ್ಚುವುದೂ ಅದರದೇ ಕೆಲಸ. ಕಿತ್ತರೆ ನೀರು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ. ಅನುಮಾನವಿದ್ದರೆ ಬಿಚ್ಚಿ, ದಾರ ಕಟ್ಟಿ, ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಅದರ ಮೈಮೇಲೆ 82 ಎಂದು ಒತ್ತಿದ್ದರೆ ನೀರು ಕುದಿಯುವ ಮೊದಲೇ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ತನ್ನಿ.

ಬೆಲ್ಟ್ ಅನ್ನು ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿಲಿಮೀಟರ್ ಬಾಗಬೇಕು. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಏರ್ ಫಿಲ್ಟರ್ ಕಟ್ಟಿದ್ದರೂ, ಎಂಜಿನ್ ಆಯಿಲ್ ಕಡಿಮೆಯಿದ್ದರೂ ಕಾವು ಏರುತ್ತದೆ. ಸದ್ದು ಕುಗ್ಗಿ ಕಪ್ಪು ಹೊಗೆ ಬರುವಂತೆ ದೊಡ್ಡ ಗೇರ್‌ನಲ್ಲಿ ರೊಟಾವೇಟರ್ ಎಳೆಸುವುದು ಬೇಡ, ಒಂದು ಗೇರ್ ಇಳಿಸಿ. ಶಕ್ತಿ ಹೆಚ್ಚಿಸಲು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿಕೊಡುತ್ತೇವೆ ಎನ್ನುವವರನ್ನು ಟ್ರ್ಯಾಕ್ಟರ್ ಹತ್ತಿರ ಬಿಟ್ಟುಕೊಳ್ಳಬೇಡಿ.

ಇದೆಲ್ಲ ಸರಿಯಿದ್ದರೆ ಉಳಿಯುವ ಅನುಮಾನ ಹೆಡ್ ಅಡಿಯಲ್ಲಿ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್‌ನದು. ಮುಂಜಾನೆ ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿ, ಒಳಗೆ ನೋಡಿ. ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ಅಥವಾ ಆಯಿಲ್ ಅಳೆಯುವ ಕಡ್ಡಿಯ ತುದಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ, ಎಂಜಿನ್ ಆರಿಸಿಬಿಡಿ. ಔಷಧ ಹೊಡೆಯಲು ಅಕ್ಕಪಕ್ಕದ ತೋಟದವರ ಟ್ರ್ಯಾಕ್ಟರ್ ಕೇಳಿ ತನ್ನಿ. ನಿಮ್ಮದನ್ನು ಓಡಿಸಿಕೊಂಡು ಹೋಗದೆ, ಟ್ರಾಲಿಗೆ ಹೇರಿ ವರ್ಕ್‌ಶಾಪ್‌ಗೆ ಕಳಿಸಿ.

ನಮಸ್ಕಾರ.