ಲೋಡ್ ಜಾಸ್ತಿ ಮಾಡಿಸೋಕೆ ಎಲೆಕ್ಟ್ರಿಷಿಯನ್ ರೇಟು ಕಟ್ಟುವುದು ಹೇಗೆ?

[ಪರದೆಯ ಮೇಲೆ: ಕಾಫಿ ತೋಟದ ನಡುವೆ ಹೆಂಚಿನ ಮನೆ, ಕಂಬದಿಂದ ಬರುವ ಸರ್ವಿಸ್ ವೈರ್]

ನಮಸ್ಕಾರ. ಕೊಡಗಿನ ಗೋಣಿಕೊಪ್ಪ ಕಡೆಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಹಳೇ ಮನೆ, ಸಿಂಗಲ್ ಫೇಸ್ ಕನೆಕ್ಷನ್, ಅಂದರೆ ಕಂಬದಿಂದ ಎರಡೇ ವೈರು. ಮನೆಯಿಂದ ಸುಮಾರು ನೂರು ಮೀಟರ್ ಕೆಳಗೆ, ತೋಟದಲ್ಲಿ, ಹೋಂಸ್ಟೇಗೆ ಅಂತ ನಾಲ್ಕು ರೂಮು ಕಟ್ಟಿಸಿದ್ದಾರೆ. ಲೋಡ್ ಜಾಸ್ತಿ ಮಾಡಿಸಿ ಅಲ್ಲಿಗೆ ಕರೆಂಟ್ ಎಳೆಯೋಕೆ ಎಷ್ಟಾಗುತ್ತದೆ ಅಂತ ಇಬ್ಬರು ಎಲೆಕ್ಟ್ರಿಷಿಯನ್‌ಗಳನ್ನು ಕರೆಸಿ ಕೇಳಿದರೆ, ಒಬ್ಬರ ರೇಟಿಗಿಂತ ಇನ್ನೊಬ್ಬರದು ಹತ್ತಿರಹತ್ತಿರ ಎರಡು ಪಟ್ಟು. "ಇವರಲ್ಲಿ ಯಾರು ಮೋಸ ಮಾಡ್ತಿದ್ದಾರೆ?" ಅಂತ ಕೇಳಿದ್ದಾರೆ.

ಇಬ್ಬರೂ ಮೋಸ ಮಾಡದೇ ಇರಬಹುದು. ಜಾಸ್ತಿ ಹೇಳಿದವರ ಲೆಕ್ಕವೇ ಸರಿ ಇರಬಹುದು. ಅದು ಗೊತ್ತಾಗಬೇಕಾದರೆ ವೈರಿನ ದಪ್ಪ ನೋಡಬೇಕು.

ಮೊದಲು ಆಫೀಸಿನ ಖರ್ಚು ಬೇಗ ಮುಗಿಸಿಬಿಡೋಣ. ಕೊಡಗಿಗೆ ಕರೆಂಟ್ ಕೊಡುವುದು ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಏರಿಸಿದರೆ ಡೆಪಾಸಿಟ್ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಅರ್ಜಿಯ ಜೊತೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿಯ ಕಾಗದ ಬೇಕು. ಈ ಹಣ ಎಲೆಕ್ಟ್ರಿಷಿಯನ್ ಜೇಬಿಗೆ ಹೋಗುವುದಲ್ಲ. ಆದ್ದರಿಂದ ಕೊಟೇಶನ್‌ನಲ್ಲಿ ಅದನ್ನು ಬೇರೆಯಾಗಿ ಬರೆಸಿ.

ಇನ್ನು ಲೋಡ್ ಲೆಕ್ಕ. ಒಂದು ಗೀಸರ್ 2 ಕಿಲೋವ್ಯಾಟ್. ನಾಲ್ಕು ಅಂದರೆ 8. ಅದನ್ನು 230 ವೋಲ್ಟಿಗೆ ಭಾಗಿಸಿದರೆ ಸುಮಾರು 35 ಆಂಪಿಯರ್. ಮಾಮೂಲಿ ಮನೆಯಲ್ಲಾದರೆ ಎಲ್ಲವೂ ಒಟ್ಟಿಗೆ ಆನ್ ಆಗುವುದಿಲ್ಲ ಅಂತ ಎಲೆಕ್ಟ್ರಿಷಿಯನ್ ಸ್ವಲ್ಪ ಕಡಿಮೆ ಹಿಡಿಯುತ್ತಾರೆ. ಹೋಂಸ್ಟೇಯಲ್ಲಿ ಹಾಗೆ ಹಿಡಿಯೋಕೆ ಬರೋದಿಲ್ಲ. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಾಲ್ಕೂ ರೂಮಿನವರಿಗೆ ಬಿಸಿನೀರು ಬೇಕು, ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಪಂಪಿನ ಹತ್ತಿರದ ಜೆಟ್ ಜೋರಾಗಿ ತಿರುಗುತ್ತದೆ. ಸಣ್ಣ ಪೈಪಿನಲ್ಲಿ ದೂರ ಎಳೆದ ಜೆಟ್ ಸೋತು ತಿರುಗುತ್ತದೆ. ಕರೆಂಟಿಗೂ ಅದೇ ಕಥೆ. ವೈರಿನ ದಪ್ಪವನ್ನು ಸ್ಕ್ವೇರ್ ಎಂಎಂ ಲೆಕ್ಕದಲ್ಲಿ ಹೇಳುತ್ತಾರೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ನೂರು ಮೀಟರ್ ಎಳೆದರೆ, ಹೋಗಿ ಬರುವ ದಾರಿ ಇನ್ನೂರು ಮೀಟರ್. ಅದರಲ್ಲಿ ಆ 35 ಬೇಡ, ಬರೀ 20 ಆಂಪಿಯರ್ ಹರಿದರೂ ದಾರಿಯಲ್ಲೇ ಸುಮಾರು 18 ವೋಲ್ಟ್ ಕಳೆದುಹೋಗುತ್ತದೆ. ಮನೆಯಲ್ಲಿ 230 ಇದ್ದದ್ದು ರೂಮಿಗೆ ತಲುಪುವಾಗ 212. ಗೀಸರ್ ಕೊಡುವ ಶಾಖ ಶೇಕಡಾ 15ರಷ್ಟು ಇಳಿಯುತ್ತದೆ. ಇಷ್ಟರ ಮೇಲೆ ವೈರು ಸುಮ್ನೆ ಬಿಸಿಯಾಗೋಕೆ ಮುನ್ನೂರು ವ್ಯಾಟಿಗೂ ಜಾಸ್ತಿ ತಿನ್ನುತ್ತದೆ. ಮೀಟರ್ ದಾಟಿದ ಮೇಲಿನ ವೈರು ನಿಮ್ಮದು, ಆ ಬಿಲ್ಲೂ ನಿಮ್ಮದೇ.

[ಪರದೆಯ ಮೇಲೆ: ಎರಡು ವೈರು, ಪಕ್ಕದಲ್ಲಿ ನಾಲ್ಕು ವೈರು]

ತ್ರೀ ಫೇಸ್ ಅಂದರೆ ಕರೆಂಟ್ ತರುವ ಮೂರು ವೈರು, ಜೊತೆಗೆ ವಾಪಸ್ ದಾರಿಗೆ ನ್ಯೂಟ್ರಲ್ ಅನ್ನುವ ಒಂದು ವೈರು. ಅಷ್ಟೇ ಲೋಡನ್ನು ಇದರಲ್ಲಿ ಸಮವಾಗಿ ಹಂಚಿ ನೋಡಿ. ಒಂದೊಂದು ಫೇಸಿಗೆ ಮೂರನೇ ಒಂದು ಭಾಗದ ಕರೆಂಟ್. ಸಮವಾಗಿ ಹಂಚಿದ್ದರೆ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದು ಏನೂ ಇರುವುದಿಲ್ಲ. ಅಂದರೆ ನಷ್ಟವಾಗುವ ವೋಲ್ಟೇಜ್ ಆರನೇ ಒಂದು ಭಾಗ. 18 ವೋಲ್ಟ್ ಇದ್ದದ್ದು 3 ಆಯಿತು! ಸಿಂಗಲ್ ಫೇಸ್‌ನಲ್ಲೇ ಈ 3 ವೋಲ್ಟ್ ಬೇಕು ಅಂದರೆ ಆರು ಪಟ್ಟು ದಪ್ಪದ ವೈರ್ ಬೇಕು, ಅಂಗಡಿಯಲ್ಲಿ ಸಿಗುವ ಅಳತೆಯಲ್ಲಿ 25 ಸ್ಕ್ವೇರ್ ಎಂಎಂ. ನೂರು ಮೀಟರಿಗೆ ಅದರ ಎರಡು ವೈರಿನ ತಾಮ್ರವೇ ಸುಮಾರು 45 ಕೆಜಿ ತೂಗುತ್ತದೆ. ತ್ರೀ ಫೇಸ್‌ನ 4 ಸ್ಕ್ವೇರ್ ಎಂಎಂ ವೈರು ನಾಲ್ಕೂ ಸೇರಿ 14 ಕೆಜಿ ಚಿಲ್ಲರೆ. ನಿಮ್ಮ ಕೊಟೇಶನ್‌ನಲ್ಲಿ ದೊಡ್ಡ ಮೊತ್ತ ಇರುವುದು ಈ ಕೆಜಿಗಳಲ್ಲಿ. ಆರ್ಮರ್ಡ್, ಅಂದರೆ ಲೋಹದ ಕವಚ ಇರುವ, ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಅದನ್ನು ತಾಮ್ರಕ್ಕಿಂತ ದಪ್ಪ ತೆಗೆದುಕೊಳ್ಳಬೇಕು.

ನಾಲ್ಕೂ ಗೀಸರನ್ನು ಒಂದೇ ಫೇಸಿಗೆ ಕಟ್ಟಿಬಿಟ್ಟರೆ ಈ ಲಾಭ ಸಿಗುವುದಿಲ್ಲ. ಬೋರ್ಡಿನ ಮುಂದೆ ಕೂತು ಯಾವ ರೂಮು ಯಾವ ಫೇಸಿಗೆ ಅಂತ ಹಂಚುವ ಎಲೆಕ್ಟ್ರಿಷಿಯನ್ ಎರಡು ದಿನದ ಕೂಲಿ ಜಾಸ್ತಿ ಕೇಳಿದರೂ ಕೊಡಿ. ಆ ಕೆಲಸಕ್ಕೆ ಅಷ್ಟು ಬೆಲೆ ಇದೆ ಅಂತ ನಾನು ನಂಬುತ್ತೇನೆ.

ತ್ರೀ ಫೇಸ್ ನಿಮ್ಮ ಮನೆಗೆ ಸಿಗುತ್ತದಾ? ಹತ್ತಿರದ ಕಂಬದ ಹತ್ತಿರ ಹೋಗಿ ತಲೆ ಎತ್ತಿ ತಂತಿ ಎಣಿಸಿ. ಎರಡೇ ಇದ್ದರೆ ಅಲ್ಲಿಗೆ ಬಂದಿರುವುದು ಸಿಂಗಲ್ ಫೇಸ್. ನಾಲ್ಕೋ ಐದೋ ಇದ್ದರೆ ತ್ರೀ ಫೇಸ್. ಕಪ್ಪು ಕೇಬಲ್ ಸುತ್ತಿಕೊಂಡಿದ್ದರೆ ಲೈನ್‌ಮನ್‌ರನ್ನೇ ಕೇಳಿ. ಎರಡೇ ತಂತಿ ಇದ್ದಲ್ಲಿ ಲೈನ್ ಎಳೆಸಬೇಕು, ಕಂಬ ಹಾಕಿಸಬೇಕು. ಆ ಎಸ್ಟಿಮೇಟ್ ಆಫೀಸಿನಿಂದ ಬರಬೇಕು. ನೋಡದೇ ಬಾಯಿಮಾತಲ್ಲಿ ರೇಟು ಹೇಳುವವರನ್ನು ನಂಬಬೇಡಿ.

ಸಮಯ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಕೇಬಲ್ ಹೂಳೋಕೆ ಗುಂಡಿ ತೆಗೆಯುವಾಗ ಬಂಡೆ, ಮರದ ಬೇರು ಸಿಕ್ಕರೆ ಕೂಲಿ ಏರುತ್ತದೆ. ಆ ಕೆಲಸವನ್ನು ನಿಮ್ಮ ತೋಟದ ಆಳುಗಳಿಂದಲೇ ಮಾಡಿಸಿದರೆ ಉಳಿತಾಯ. ಸಾಮಾನು ನೀವೇ ತಂದುಕೊಟ್ಟರೆ ಲೇಬರ್ ರೇಟು ಸ್ವಲ್ಪ ಜಾಸ್ತಿ ಹೇಳುತ್ತಾರೆ, ಅದು ನ್ಯಾಯವೇ. ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಸಿ. ಜುಲೈನಲ್ಲಿ ಗುಂಡಿಯೊಳಗೆ ನೀರು ನಿಂತಿರುತ್ತದೆ.

ಎಷ್ಟೇ ಚೌಕಾಸಿ ಮಾಡಿದರೂ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್, ಕೈಬಿಡಬೇಡಿ. ಒದ್ದೆ ಗೋಡೆ, ಒದ್ದೆ ಕಾಲು, ಗೀಸರ್ ಇರುವ ಬಚ್ಚಲು. ಅಲ್ಲಿ ಜೀವ ಉಳಿಸುವುದು ಅವೆರಡೇ. ಇವೆರಡು ಇಲ್ಲದ ಕೊಟೇಶನ್ ಎಷ್ಟೇ ಕಡಿಮೆ ಇದ್ದರೂ ವಾಪಸ್ ಕೊಟ್ಟುಬಿಡಿ.

ನಿಮ್ಮ ಊರಲ್ಲಿ ಕೇಬಲ್ ಎಳೆಯೋಕೆ ಮೀಟರಿಗೆ ಎಷ್ಟು ಕೂಲಿ ಹೇಳುತ್ತಾರೆ? ಊರಿನ ಹೆಸರಿನ ಜೊತೆ ಕಾಮೆಂಟ್ ಮಾಡಿ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ರೇಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.